ಮುತ್ಯಾ ಕಂಡ ಕೊಲಾಬಾ ಸ್ಟೇಷನ್

ಗಾರ್ಡ್ ಡಬ್ಬಿಯಿಂದ: ರೈಲಿನ ಬಗ್ಗೆ ಓದುಗರು ಕೇಳಿದ್ದು, ಕಲಬುರಗಿಯ ನಿವೃತ್ತ ಗಾರ್ಡ್ ಹೇಳಿದ್ದು

ಪ್ರಶ್ನೆ: ಗಾರ್ಡ್ ಸಾಹೇಬ್ರೆ, ನಮ್ಮ ಮುತ್ಯಾ ಹರೆಯದಲ್ಲಿ ದುಡಿಯಲು ಮುಂಬೈಗೆ ಹೋಗಿದ್ದರು. ಹತ್ತಿ ಗೋದಾಮಿನಲ್ಲಿ ಹಮಾಲಿ ಕೆಲಸ. ‘ಕೊಲಾಬಾ ಟೇಸನ್ ಬಾಜು ಮಲಗ್ತಿದ್ವಿ, ಕೊನೇ ಗಾಡಿ ಹೋದ ಮ್ಯಾಲೇ ನಿದ್ದಿ’ ಅಂತ ನಮಗೆ ಹೇಳುತ್ತಿದ್ದರು. ಹೋದ ವರ್ಷ ಮಗನ ಮನೆಗೆಂದು ಮುಂಬೈಗೆ ಹೋದಾಗ ಆ ಸ್ಟೇಷನ್ ಹುಡುಕಿದೆ. ‘ಲೋಕಲ್ ಚರ್ಚ್‌ಗೇಟಿಗೇ ಮುಗೀತು, ಕೊಲಾಬಾದಲ್ಲಿ ಸ್ಟೇಷನ್ ಎಲ್ಲಿದೆ?’ ಅಂತ ಎಲ್ಲರೂ ನಕ್ಕರು. ಮಗನೂ ನಕ್ಕ. ಮುತ್ಯಾ ಸುಮ್ನೆ ಕಥೆ ಕಟ್ಟಿದರಾ?
(ಓದುಗರು, ಆಳಂದ)

ಉತ್ತರ: ಕಟ್ಟಿಲ್ಲ. ಮಗನಿಗೆ ಈ ಪುಟ ತೋರಿಸಿ.

ಕೊಲಾಬಾದಲ್ಲಿ ಸ್ಟೇಷನ್ ಇತ್ತು. ಅದೂ ಸಣ್ಣ ಹಾಲ್ಟ್ ಅಲ್ಲ, ಟರ್ಮಿನಸ್. ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಅಂತ ಒಂದು ಕಂಪನಿ ಇತ್ತು. ಜನ ಬಿ.ಬಿ.ಸಿ.ಐ. ಅನ್ನುತ್ತಿದ್ದರು. ಇವತ್ತಿನ ಪಶ್ಚಿಮ ರೈಲ್ವೆಗೆ ಅದೇ ಬುನಾದಿ. ಆ ಕಂಪನಿಯ ಹಳಿ ಮುಗಿಯುತ್ತಿದ್ದದ್ದು ಕೊಲಾಬಾದಲ್ಲಿ. ಚರ್ಚ್‌ಗೇಟ್ ಆಗ ನಡುವಿನ ಸ್ಟೇಷನ್. ಬೊರಿವಲಿ ಕಡೆಯಿಂದ ಬಂದ ಲೋಕಲ್ ಅಲ್ಲಿ ಒಂದಷ್ಟು ಜನರನ್ನು ಇಳಿಸಿ, ಮತ್ತೆ ದಕ್ಷಿಣಕ್ಕೆ ಹೊರಡುತ್ತಿತ್ತು. ಮುಂಬೈಯಲ್ಲೇ ಹುಟ್ಟಿ ಬೆಳೆದವರಿಗೂ ಇದು ಗೊತ್ತಿಲ್ಲ. ನಕ್ಕವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ.

ಹಳಿ ಅಲ್ಲಿಗೆ ಹೇಗೆ ಹೋಯಿತು ಅನ್ನುವುದನ್ನು ಮೊದಲು ಹೇಳುತ್ತೇನೆ. ಇದರಲ್ಲಿ ಹತ್ತಿಯ ಮಾತು ಬರುತ್ತದೆ. ಹತ್ತಿ ಬೆಳೆಯುವ ಸೀಮೆಯವರು ನೀವು, ಬೇಸರ ಆಗಲಾರದು.

1861ರಲ್ಲಿ ಅಮೆರಿಕದ ಉತ್ತರದವರಿಗೂ ದಕ್ಷಿಣದವರಿಗೂ ಯುದ್ಧ ಹತ್ತಿಕೊಂಡಿತು. ಅಲ್ಲಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಗೆ ಕತ್ತರಿ ಬಿತ್ತು. ಗಿರಣಿಯವರು ನಮ್ಮ ದೇಶದ ಹತ್ತಿಗೆ ಮುಗಿಬಿದ್ದರು. ಮುಂಬೈ ವರ್ತಕರ ಕೈಯಲ್ಲಿ ದುಡ್ಡು ಕುಣಿಯಿತು. ದುಡ್ಡು ಜಾಸ್ತಿಯಾದರೆ ಯಾವ ಊರಲ್ಲಾದರೂ ಮೊದಲು ಶುರುವಾಗುವುದು ಜಾಗದ ವ್ಯಾಪಾರ, ಅಲ್ವಾ? ಮುಂಬೈಯಲ್ಲಿ ಜಾಗ ಎಲ್ಲಿದೆ? ಸಮುದ್ರವನ್ನೇ ತುಂಬಬೇಕು. ಅದಕ್ಕಾಗಿ ಹುಟ್ಟಿದ ಕಂಪನಿಗಳಲ್ಲಿ ಹೆಸರಾದದ್ದು ಬ್ಯಾಕ್ ಬೇ ರಿಕ್ಲಮೇಶನ್ ಕಂಪನಿ. ಊರಿನ ಪಶ್ಚಿಮಕ್ಕಿರುವ ಕೊಲ್ಲಿಯನ್ನು ತುಂಬುವುದು, ಬಿ.ಬಿ.ಸಿ.ಐ. ರೈಲಿಗೆ ಜಾಗ ಕೊಡುವುದು, ಉಳಿದದ್ದನ್ನು ಮಾರುವುದು. ಲೆಕ್ಕ ಹೀಗಿತ್ತು. ಷೇರಿನ ಬೆಲೆ ಮುಗಿಲಿಗೇರಿತು. ಪ್ರೇಮಚಂದ್ ರಾಯಚಂದ್ ಎಂಬ ಹತ್ತಿ ವರ್ತಕರು ಈ ಆಟದ ದೊಡ್ಡ ಕುಳ. ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗಡಿಯಾರ ಗೋಪುರ ನೋಡಿದ್ದೀರಲ್ಲ, ಅದಕ್ಕೆ ದುಡ್ಡು ಕೊಟ್ಟವರು ಅವರೇ.

1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಹತ್ತಿಯ ದರ ಬಿತ್ತು. ಷೇರು ಹಿಡಿದು ಕುಳಿತವರು ಬೀದಿಗೆ ಬಂದರು. ಬ್ಯಾಕ್ ಬೇ ಕಂಪನಿಯೂ ಮುಳುಗಿತು. ಆದರೆ ಅಷ್ಟರಲ್ಲಿ ತುಂಬಿದ್ದ ದಂಡೆಯ ಪಟ್ಟಿ ಎಲ್ಲಿಗೆ ಹೋಗುತ್ತದೆ? ಅದರ ಮೇಲೆ ರೈಲು ಬಂತು.

1864ರ ಕೊನೆಗೆ ಗಾಡಿ ಗ್ರಾಂಟ್ ರೋಡ್‌ವರೆಗೆ ಬಂದಿತ್ತು. 1867ರ ಏಪ್ರಿಲ್ 12ರಂದು ವಿರಾರ್ ಮತ್ತು ಬ್ಯಾಕ್ ಬೇ ನಡುವೆ ಈ ಕಂಪನಿಯ ಮೊದಲ ಲೋಕಲ್ ಓಡಿತು. ದಿನಕ್ಕೆ ಹೋಗಲು ಒಂದು, ಬರಲು ಒಂದು. ಇವತ್ತು ವಿರಾರ್ ಲೋಕಲ್ ಹತ್ತಲು ಪರದಾಡುವವರು ಇದನ್ನು ಕೇಳಿದರೆ ಏನನ್ನುತ್ತಾರೋ! 1870ಕ್ಕೆ ಚರ್ಚ್‌ಗೇಟ್ ಬಂತು. 1873ಕ್ಕೆ ಕೊಲಾಬಾ. 1896ರಲ್ಲಿ ಕೊಲಾಬಾಕ್ಕೆ ಹೊಸ ಸ್ಟೇಷನ್ ಕಟ್ಟಡ ಆಯಿತು.

ಆ ಕಾಲದ ಹಳಿಯನ್ನು ಮನಸ್ಸಿಗೆ ತಂದುಕೊಳ್ಳಬೇಕಾದರೆ ಇವತ್ತಿನ ಮುಂಬೈಯಿಂದ ಒಂದಿಷ್ಟು ತೆಗೆದುಹಾಕಬೇಕು. ಮರೀನ್ ಡ್ರೈವ್ ಇಲ್ಲ. ನರಿಮನ್ ಪಾಯಿಂಟಿನ ಎತ್ತರದ ಕಟ್ಟಡಗಳು ಇಲ್ಲ. ಅವೆಲ್ಲ ಆಮೇಲೆ ತುಂಬಿದ ಜಾಗ. ಚರ್ನಿ ರೋಡ್ ದಾಟಿದರೆ ಗಾಡಿಯ ಬಲಗಡೆ ಬರೀ ನೀರು. ಎಡಗಡೆ ಮೈದಾನ, ಊರು. ಈ ದಂಡೆಯ ಮೇಲೆ ಗಾಡಿ ಸಾಗಿ ಕೊಲಾಬಾ ಸೇರುತ್ತಿತ್ತು. ಕಂಪನಿಯ ದೊಡ್ಡ ಕಚೇರಿ ಚರ್ಚ್‌ಗೇಟ್ ಎದುರು ಇವತ್ತೂ ಇದೆ. ಬೂದು ಕಲ್ಲು, ಬಿಳಿ ಗುಮ್ಮಟ. 1899ರಲ್ಲಿ ಮುಗಿದ ಕಟ್ಟಡ. ನಮ್ಮ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಸ್ಟೇಷನ್ ಕಟ್ಟಿಸಿದ ಎಫ್.ಡಬ್ಲ್ಯೂ. ಸ್ಟೀವನ್ಸ್ ಎಂಬ ಎಂಜಿನಿಯರೇ ಅದರ ನಕ್ಷೆಯನ್ನೂ ಬರೆದದ್ದು.

ಕೊಲಾಬಾದ ಕೆಲಸ ಒಂದೇ ಅಲ್ಲ. ಫೋರ್ಟ್ ಕಚೇರಿಗಳಿಗೆ ಬರುವ ಗುಮಾಸ್ತರು ಲೋಕಲ್‌ನಲ್ಲಿ ಬರುತ್ತಿದ್ದರು. ಅಲ್ಲೇ ಮಿಲಿಟರಿಯವರ ಕ್ಯಾಂಪ್. ಗುಜರಾತ್, ದಿಲ್ಲಿ ಕಡೆ ಹೋಗುವ ದೂರದ ಗಾಡಿಗಳೂ ಅಲ್ಲಿಂದಲೇ. ಪೆಶಾವರದವರೆಗೆ ಓಡುತ್ತಿದ್ದ ಫ್ರಾಂಟಿಯರ್ ಮೇಲ್ 1928ರಲ್ಲಿ ಶುರುವಾದಾಗ ಹೊರಟದ್ದೂ ಕೊಲಾಬಾದಿಂದ. ಇನ್ನು ಮೂರನೆಯದು ಗೂಡ್ಸ್. ನಿಮ್ಮ ಮುತ್ಯಾ ಬರುವುದು ಇಲ್ಲಿ. 1840ರ ದಶಕದಿಂದ ಮುಂಬೈಯ ಹತ್ತಿ ಪೇಟೆ ಕೊಲಾಬಾದಲ್ಲಿತ್ತು. ಗುಜರಾತಿನ ಹತ್ತಿ ಅಂಡಿಗೆಗಳು ರೈಲಿನಲ್ಲಿ ಬಂದು ಅಲ್ಲೇ ಇಳಿಯುತ್ತಿದ್ದವು. ಇಳಿಸಲು ಹಮಾಲರು ಬೇಕು. ಬರಗಾಲದ ಸೀಮೆಯಿಂದ ಹಮಾಲರು ಸಿಗುತ್ತಿದ್ದರು. 1920ರ ದಶಕದಲ್ಲಿ ಹತ್ತಿ ಡಿಪೋ ಶಿವಡಿ ಕಡೆಗೆ ಹೋಯಿತು. ಹಾರ್ಬರ್ ಲೈನಿನಲ್ಲಿ ಕಾಟನ್ ಗ್ರೀನ್ ಅಂತ ಸ್ಟೇಷನ್ ಇದೆಯಲ್ಲ, ಆ ಜಾಗ. ಹಾಗಾದರೆ ಮುತ್ಯಾ ಕೊಲಾಬಾದಲ್ಲಿ ಅಂಡಿಗೆ ಹೊತ್ತದ್ದು ಅದಕ್ಕಿಂತ ಮೊದಲು ಇರಬೇಕು. ಅವರು ಹುಟ್ಟಿದ ವರ್ಷ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ ತಾಳೆ ಹಾಕಿ ನೋಡಿ.

ಈಗ ಮುಚ್ಚಿದ ಕಥೆ. ನನಗೆ ಇವತ್ತಿಗೂ ಹೊಟ್ಟೆ ಉರಿಸುವುದು ಇದೇ.

ಸ್ಟೇಷನ್ ಮುಚ್ಚಿತು ಅಂದ ಕೂಡಲೇ ನಾವು ಏನು ಅಂದುಕೊಳ್ಳುತ್ತೇವೆ? ಜನ ಬರಲಿಲ್ಲ, ಗಾಡಿ ಖಾಲಿ ಓಡಿತು, ಲುಕ್ಸಾನು ಆಯಿತು, ಬೀಗ ಹಾಕಿದರು. ಕೊಲಾಬಾದಲ್ಲಿ ಅದೇನೂ ಆಗಲಿಲ್ಲ. 1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿಗೆ ಕರೆಂಟ್ ಗಾಡಿ ಶುರುವಾಯಿತು. ದೇಶದ ಮೊದಲ ಕರೆಂಟ್ ಗಾಡಿ ವಿ.ಟಿ.ಯಿಂದ ಕುರ್ಲಾಕ್ಕೆ ಓಡಿದ್ದು 1925ರ ಫೆಬ್ರವರಿ 3ರಂದು. ಅದಾಗಿ ಮೂರೇ ವರ್ಷಕ್ಕೆ ಕೊಲಾಬಾಕ್ಕೂ ಬಂತು. ಹೊಸ ಕಂಬ, ಹೊಸ ತಂತಿ, ಹೊಸ ಡಬ್ಬಿ. ಅಷ್ಟು ಖರ್ಚು ಮಾಡಿ, ಮೂರು ವರ್ಷ ತುಂಬುವ ಮೊದಲೇ ಕೊನೆಯ ತುಂಡನ್ನು ಕಿತ್ತರು!

ಕಾರಣ ಮತ್ತೆ ಸಮುದ್ರ ತುಂಬುವುದು. 1920ರ ದಶಕದಲ್ಲಿ ಮುಂಬೈ ಸರ್ಕಾರವೇ ಬ್ಯಾಕ್ ಬೇ ತುಂಬಲು ಹೊರಟಿತು. ಜಾರ್ಜ್ ಲಾಯ್ಡ್ ಗವರ್ನರ್ ಆಗಿದ್ದಾಗಿನ ಯೋಜನೆ. ಖರ್ಚು ಅಂದಾಜು ಮೀರಿತು. ಕೆಲಸದಲ್ಲಿ ಗೋಲ್‌ಮಾಲ್ ಇದೆ ಅಂತ ಕೆ.ಎಫ್. ನರಿಮನ್ ಎಂಬ ವಕೀಲರು ಎದ್ದು ನಿಂತರು. ಅವರ ಮೇಲೆ ಮಾನನಷ್ಟ ಮೊಕದ್ದಮೆ ಹಾಕಿದರು. ನರಿಮನ್ ಗೆದ್ದರು. ನರಿಮನ್ ಪಾಯಿಂಟ್ ಅವರ ಹೆಸರಿನದೇ. ಇಡೀ ಯೋಜನೆಯಲ್ಲಿ ಒಂದು ಭಾಗ ಮಾತ್ರ ಆಗ ಮುಗಿಯಿತು. ಆದರೆ ಅಷ್ಟಕ್ಕೇ ಕೊಲಾಬಾ ಹಳಿಯ ಹಣೆಬರಹ ಬದಲಾಯಿತು. ದಂಡೆಯ ಮೇಲಿದ್ದ ಹಳಿ ಈಗ ಬೆಲೆಬಾಳುವ ಹೊಸ ಬಡಾವಣೆಗೂ ಹಳೆಯ ಊರಿಗೂ ನಡುವೆ ಅಡ್ಡ ಬಂತು. ಚರ್ಚ್‌ಗೇಟಿನಿಂದ ಆಚೆಯ ಹಳಿ ತೆಗೆಯಿರಿ ಅಂದರು. ಕಂಪನಿ ಒಪ್ಪಲೇಬೇಕಾಯಿತು.

ದೂರದ ಗಾಡಿಗಳಿಗೆ ಬೇರೆ ಮನೆ ಬೇಕಲ್ಲ. ಬೆಲ್ಲಾಸಿಸ್ ರೋಡ್ ಅಂತ ಲೋಕಲ್ ಸ್ಟೇಷನ್ ಇತ್ತು. ಅದರ ಪಕ್ಕ ಬಾಂಬೆ ಸೆಂಟ್ರಲ್ ಕಟ್ಟಿದರು. ನಕ್ಷೆ ಕ್ಲಾಡ್ ಬ್ಯಾಟ್ಲಿ ಅವರದು. 21 ತಿಂಗಳಲ್ಲಿ ಕಟ್ಟಿ ಮುಗಿಸಿದರು. ಈಗಿನ ಕಾಲದಲ್ಲಿ ಒಂದು ಮೇಲ್ಸೇತುವೆಗೂ ಅಷ್ಟು ಸಮಯ ಸಾಲುವುದಿಲ್ಲ. 1930ರ ಡಿಸೆಂಬರ್ 18ರಂದು ಬಾಂಬೆ ಸೆಂಟ್ರಲ್ ತೆರೆಯಿತು. ಡಿಸೆಂಬರ್ 31ರ ರಾತ್ರಿ ಕೊಲಾಬಾದಿಂದ ಕೊನೆಯ ಲೋಕಲ್ ಹೊರಟಿತು. ಮರುದಿನದಿಂದ ಚರ್ಚ್‌ಗೇಟೇ ಕೊನೆ.

1860ರ ದಶಕದಲ್ಲಿ ಸಮುದ್ರ ತುಂಬಿದ್ದರಿಂದ ಬಂದ ಹಳಿ, 1920ರ ದಶಕದಲ್ಲಿ ಸಮುದ್ರ ತುಂಬಿದ್ದರಿಂದಲೇ ಹೋಯಿತು. ಜಾಗದ ವ್ಯಾಪಾರವೇ ತಂದಿತು, ಜಾಗದ ವ್ಯಾಪಾರವೇ ಒಯ್ದಿತು. ದಿನಾ ಗಾಡಿ ಹತ್ತಿ ಇಳಿಯುತ್ತಿದ್ದವರನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಕೊಲಾಬಾ, ಕಫ್ ಪರೇಡ್ ಕಡೆ ಇವತ್ತು ಬೆಳಿಗ್ಗೆ ಬಸ್ಸು, ಟ್ಯಾಕ್ಸಿ ಹೇಗೆ ತುಂಬಿರುತ್ತವೆ ನೋಡಿ. ಲೋಕಲ್ ಅಲ್ಲಿವರೆಗೂ ಇದ್ದಿದ್ದರೆ ಅಂತ ನನಗೆ ಅನ್ನಿಸುತ್ತದೆ. ನಾನು ಗಾರ್ಡ್ ಆಗಿದ್ದವನು, ನನಗೆ ಹಾಗೇ ಅನ್ನಿಸಬೇಕು ಬಿಡಿ.

ಪ್ರಶ್ನೆ: ನಮ್ಮ ಯಾದಗಿರಿ, ಗುಲ್ಬರ್ಗ ಕಡೆಯಿಂದ ಮುಂಬೈಗೆ ಹೋದವರು ಹಾಗಾದರೆ ಕೊಲಾಬಾದಲ್ಲೇ ಇಳಿಯುತ್ತಿದ್ದರಾ?
(ಓದುಗರು, ಯಾದಗಿರಿ. ಇವರಿಗೆ ಮೇಲಿನ ಪ್ರಶ್ನೆಯ ವಿಷಯ ಮೊದಲೇ ಫೋನಿನಲ್ಲಿ ಹೇಳಿದ್ದೆ.)

ಉತ್ತರ: ಇಲ್ಲ. ನಮ್ಮದು ಬೇರೆ ಕಂಪನಿ. ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಜಿ.ಐ.ಪಿ. 1853ರಲ್ಲಿ ಬೋರಿಬಂದರ್‌ನಿಂದ ಠಾಣೆಗೆ ದೇಶದ ಮೊದಲ ಪ್ಯಾಸೆಂಜರ್ ಗಾಡಿ ಬಿಟ್ಟವರು. ಅವರ ಹಳಿ ಪುಣೆ, ಸೋಲಾಪುರ ದಾಟಿ, ಗುಲ್ಬರ್ಗ, ವಾಡಿ, ಯಾದಗಿರಿ ಮೇಲೆ ಬಂದು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಆಗ ಈ ಸೀಮೆ ನಿಜಾಮರದು, ಆದರೆ ರೈಲು ಜಿ.ಐ.ಪಿ.ಯದು. ನಿಜಾಮರ ರೈಲು 1874ರಲ್ಲಿ ಸಿಕಂದರಾಬಾದ್ ಕಡೆಯಿಂದ ವಾಡಿಗೆ ಬಂದು ಸೇರಿತು. ಅದಕ್ಕೇ ವಾಡಿ ಜಂಕ್ಷನ್. ಮುಂಬೈಯಲ್ಲೂ ಒಂದು ವಾಡಿ ಬಂದರ್ ಇದೆ. ಜಿ.ಐ.ಪಿ.ಯ ಗೂಡ್ಸ್ ಯಾರ್ಡ್ ಅಲ್ಲಿತ್ತು. ಹಳೆಯ ಕಾಗದದಲ್ಲಿ ಬರೀ ‘ವಾಡಿ’ ಅಂತ ಕಂಡರೆ ಯಾವ ವಾಡಿ ಅಂತ ಎರಡು ಸಲ ನೋಡಿ.

ಹೀಗಾಗಿ ನಮ್ಮವರು ಇಳಿಯುತ್ತಿದ್ದದ್ದು ವಿ.ಟಿ.ಯಲ್ಲಿ. ಈಗಿನ ಸಿ.ಎಸ್.ಎಂ.ಟಿ. ಜಿ.ಐ.ಪಿ., ಬಿ.ಬಿ.ಸಿ.ಐ. ಎರಡೂ ದಾದರ್‌ನಲ್ಲಿ ಅಕ್ಕಪಕ್ಕ ಬರುತ್ತವೆ. ಅಲ್ಲಿಂದ ಕೆಳಗೆ ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ತುದಿಯಲ್ಲಿ ಎರಡಕ್ಕೂ ಸಂಬಂಧವಿಲ್ಲ. ವಿ.ಟಿ.ಯಲ್ಲಿ ಇಳಿದು ಕೊಲಾಬಾಕ್ಕೆ ಹೋಗಬೇಕಾದವರು ಟ್ರಾಮ್ ಹತ್ತಬೇಕು. ಕೊಲಾಬಾದಿಂದ ಬೋರಿಬಂದರ್ ಕಡೆಗೆ 1874ರಲ್ಲೇ ಕುದುರೆ ಎಳೆಯುವ ಟ್ರಾಮ್ ಇತ್ತು. 1907ರಲ್ಲಿ ಕರೆಂಟ್ ಟ್ರಾಮ್, 1920ರಲ್ಲಿ ಡಬಲ್ ಡೆಕ್ಕರ್. ಮುತ್ಯಾನಂಥವರು ಗಂಟು ಹೊತ್ತು ನಡೆದೇ ಹೋಗಿರುತ್ತಾರೆ. ಅಷ್ಟೇನು ದೂರವಿಲ್ಲ, ಆಳು ಮಕ್ಕಳಿಗೆ ಟ್ರಾಮಿನ ಕಾಸು ಉಳಿದರೆ ಒಂದು ಹೊತ್ತಿನ ಚಹಾ.

ಒಂದು ಮಾತು ಮರೆತಿದ್ದೆ. ನಮ್ಮ ಹಾದಿಯಲ್ಲೂ ಮುಚ್ಚಿದ ಸ್ಟೇಷನ್ ಒಂದಿದೆ. ಖಂಡಾಲಾ ಕೆಳಗಿನ ಬೋರ್ ಘಾಟಿನಲ್ಲಿ. ರಿವರ್ಸಿಂಗ್ ಸ್ಟೇಷನ್ ಅಂತಲೇ ಹೆಸರು. 1863ರಲ್ಲಿ ಘಾಟ್ ಲೈನ್ ತೆರೆದಾಗ ಏರು ಎಷ್ಟು ಕಡಿದಾಗಿತ್ತು ಅಂದರೆ ಗಾಡಿ ಒಂದೇ ಓಟಕ್ಕೆ ತಿರುಗಿ ಹತ್ತಲು ಜಾಗವಿರಲಿಲ್ಲ. ಅರ್ಧ ದಾರಿಯಲ್ಲಿ ಬೆಟ್ಟದ ಅಂಚಿಗೆ ಬಂದು ನಿಲ್ಲುವುದು. ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಹಾಕುವುದು. ಆಮೇಲೆ ಹಿಂದುಮುಂದಾಗಿ ಮತ್ತೆ ಏರುವುದು. ಮುಂದಿನ ಡಬ್ಬಿ ಹಿಂದೆ, ಹಿಂದಿನದು ಮುಂದೆ. ಗಾರ್ಡ್‌ಗೆ ಅದೇ ದೊಡ್ಡ ಕೆಲಸ ಆಗಿರಬೇಕು. ಘಾಟಿಗೆ ಕರೆಂಟ್ ಗಾಡಿ ತರುವ ಹೊತ್ತಿಗೆ, 1920ರ ದಶಕದ ಕೊನೆಯಲ್ಲಿ, ಹೊಸ ಸುರಂಗ ಕೊರೆದು ಆ ತಿರುವನ್ನೇ ತೆಗೆದರು. ಆ ಸ್ಟೇಷನ್ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ. ಅದರ ಕೆಲಸ ಮುಗಿದಿತ್ತು. ಕೊಲಾಬಾದ್ದು ಮುಗಿದಿರಲಿಲ್ಲ.

ಪ್ರಶ್ನೆ: ಸರ್, ನಾನು ಕಾಲೇಜಿನಲ್ಲಿ ಇತಿಹಾಸ ಓದುತ್ತಿದ್ದೇನೆ. ರಜೆಯಲ್ಲಿ ಮುಂಬೈಗೆ ಹೋಗುತ್ತೇನೆ. ಕೊಲಾಬಾ ಸ್ಟೇಷನ್ ಇದ್ದ ಜಾಗದಲ್ಲಿ ಈಗ ನೋಡಲು ಏನಾದರೂ ಇದೆಯಾ?
(ವಿದ್ಯಾರ್ಥಿನಿ, ಬೀದರ್)

ಉತ್ತರ: ಸ್ಟೇಷನ್ ಇದ್ದ ಜಾಗದಲ್ಲಿ ಈಗ ಬಧ್ವಾರ್ ಪಾರ್ಕ್. ರೈಲ್ವೆ ಅಧಿಕಾರಿಗಳ ಕ್ವಾರ್ಟರ್ಸ್. ಎಫ್.ಸಿ. ಬಧ್ವಾರ್ ಅಂದರೆ ರೈಲ್ವೆ ಬೋರ್ಡಿಗೆ ಅಧ್ಯಕ್ಷರಾದ ಮೊದಲ ಭಾರತೀಯರು. ಈ ಹೆಸರು ನೀವು ಬೇರೆ ಕಾರಣಕ್ಕೆ ಕೇಳಿರುತ್ತೀರಿ. 2008ರ ನವೆಂಬರ್ 26ರಂದು ದಾಳಿ ಮಾಡಿದವರು ರಬ್ಬರ್ ದೋಣಿಯಲ್ಲಿ ಬಂದು ಇಳಿದದ್ದು ಅದರ ಎದುರಿನ ಮೀನುಗಾರರ ಕಾಲೊನಿಯಲ್ಲಿ. ಕ್ವಾರ್ಟರ್ಸ್ ಒಳಗೆ ಸುಮ್ನೆ ಹೋಗಲು ಬಿಡುವುದಿಲ್ಲ. ರಸ್ತೆಯಿಂದಲೇ ನೋಡಬೇಕು. ಹಳೆಯ ಸ್ಟೇಷನ್ ಅಂತ ಗುರುತು ಹಿಡಿಯುವಂಥ ಕಟ್ಟಡ ಅಲ್ಲಿಲ್ಲ. ಒಂದು ವಿಷಯ ಮಾತ್ರ ಗಮನಿಸು ಮಗಳೇ. ಸ್ಟೇಷನ್ ಹೋದರೂ ಜಾಗ ರೈಲ್ವೆಯ ಕೈ ಬಿಟ್ಟಿಲ್ಲ.

ನೋಡುವುದಿದ್ದರೆ ಚರ್ಚ್‌ಗೇಟಿನಿಂದ ಶುರು ಮಾಡು. ಲೋಕಲ್ ಇಳಿದ ಮೇಲೆ ಎಲ್ಲರ ಹಾಗೆ ಸಬ್‌ವೇಗೆ ಓಡಬೇಡ. ಹಳಿಯ ತುದಿಗೆ ಹೋಗಿ ನಿಲ್ಲು. ಬಫರ್ ಇದೆ, ಗಾಡಿ ಮುಂದೆ ಹೋಗದಂತೆ ತಡೆಯುವ ಅಡ್ಡಗಟ್ಟೆ. ಅದರ ಹಿಂದೆ ಜನ ಓಡಾಡುವ ಜಾಗ, ತಿಂಡಿ ಅಂಗಡಿ. ಬಫರ್ ಆಚೆಗೆ ನೇರ ದಕ್ಷಿಣಕ್ಕೆ ಕಣ್ಣು ಹಾಯಿಸು. ಹಳಿ ಹೋಗುತ್ತಿದ್ದದ್ದು ಆ ಕಡೆ. ಹೊರಗೆ ಬಂದು ಮಹರ್ಷಿ ಕರ್ವೆ ರಸ್ತೆ ಹಿಡಿದು ಓವಲ್ ಮೈದಾನ ಎಡಕ್ಕೆ ಬಿಟ್ಟು, ಕೂಪರೇಜ್ ದಾಟಿ ನಡೆದರೆ ಬಧ್ವಾರ್ ಪಾರ್ಕ್ ಸಿಗುತ್ತದೆ. ಬೆಳಿಗ್ಗೆ ಬೇಗ ಹೊರಟರೆ ಬಿಸಿಲು ತಾಗುವುದಿಲ್ಲ.

2015ರ ಜೂನ್‌ನಲ್ಲಿ ಒಂದು ಲೋಕಲ್ ಚರ್ಚ್‌ಗೇಟಿನಲ್ಲಿ ಬಫರ್ ಮುರಿದು ಪ್ಲಾಟ್‌ಫಾರ್ಮ್ ಮೇಲೆ ಹತ್ತಿತ್ತು. ಕೆಲವರಿಗೆ ಗಾಯವಾಗಿತ್ತು, ನಗುವ ವಿಷಯ ಅಲ್ಲ. ಆದರೂ ನಮ್ಮ ಹಳೆಯ ಗಾರ್ಡ್‌ಗಳ ಗುಂಪಿನಲ್ಲಿ ಒಬ್ಬರು ‘ಗಾಡಿಗೆ ಕೊಲಾಬಾ ನೆನಪಾಯಿತು’ ಅಂದಿದ್ದರು. ಅಂದ ಹಾಗೆ ಈಗ ಗಾರ್ಡ್ ಅನ್ನುವಂತಿಲ್ಲ. 2022ರಿಂದ ಟ್ರೇನ್ ಮ್ಯಾನೇಜರ್. ನಾನು ಗಾರ್ಡಾಗಿಯೇ ನಿವೃತ್ತನಾದವನು, ಮನೆಯಲ್ಲಿ ಏನನ್ನೂ ಮ್ಯಾನೇಜ್ ಮಾಡಲು ನನಗೆ ಬಿಡುವುದಿಲ್ಲ.

ಇನ್ನೂ ಒಂದು. 2025ರ ಅಕ್ಟೋಬರ್‌ನಲ್ಲಿ ಮುಂಬೈ ಮೆಟ್ರೊದ 3ನೇ ಲೈನ್ ಕಫ್ ಪರೇಡ್‌ವರೆಗೆ ಪೂರ್ತಿ ತೆರೆಯಿತು. ನೆಲದ ಕೆಳಗಿನ ಗಾಡಿ. ಚರ್ಚ್‌ಗೇಟಿನಲ್ಲೂ ಸ್ಟೇಷನ್ ಇದೆ, ಆಮೇಲೆ ವಿಧಾನ ಭವನ, ಕೊನೆಗೆ ಕಫ್ ಪರೇಡ್. 1930ರಲ್ಲಿ ಚರ್ಚ್‌ಗೇಟಿಗೆ ನಿಂತ ರೈಲು ಹತ್ತಿರ ಹತ್ತಿರ 95 ವರ್ಷದ ಮೇಲೆ ಮತ್ತೆ ಆ ಕಡೆ ಹೊರಟಿದೆ. ಹೋಗುವಾಗ ನಡೆದು ಹೋಗು, ಬರುವಾಗ ಮೆಟ್ರೊದಲ್ಲಿ ಬಾ. ಎರಡೂ ಆದಂತಾಯಿತು.

ಪ್ರಶ್ನೆ: ನಮ್ಮ ಕಡೆ ಬೀದರ್ ಲೈನಿನ ಸಣ್ಣ ಸ್ಟೇಷನ್‌ಗಳಲ್ಲಿ ನಿಲ್ಲುವ ಗಾಡಿಗಳೇ ಕಡಿಮೆ. ಇವನ್ನೂ ಮುಂದೆ ಮುಚ್ಚಿಬಿಡುತ್ತಾರಾ?
(ಓದುಗರು, ಕಮಲಾಪುರ)

ಉತ್ತರ: ಕಲಬುರಗಿ–ಬೀದರ್ ಲೈನ್ 110 ಕಿಲೋಮೀಟರ್. 1990ರ ದಶಕದಲ್ಲಿ ಮಂಜೂರಾಗಿ, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಎರಡು ದಶಕ ಕಾದು ಪಡೆದದ್ದು. ಕೊಲಾಬಾದ ಹಾಗೆ ಜಾಗಕ್ಕಾಗಿ ಕಮಲಾಪುರದ ಹಳಿ ಯಾರೂ ಕೀಳುವುದಿಲ್ಲ, ಆ ಭಯ ಬೇಡ. ಆದರೆ ಟಿಕೆಟ್ ಮಾರಾಟ ತೀರಾ ಕಡಿಮೆ ಇರುವ ಹಾಲ್ಟ್‌ಗಳನ್ನು ರೈಲ್ವೆ ಮುಚ್ಚುವುದು ಉಂಟು. ನಿಲುಗಡೆ ಕೇಳಲು ಹೋದಾಗಲೂ ಮೊದಲು ತೆಗೆಯುವುದು ಟಿಕೆಟ್ ಲೆಕ್ಕವನ್ನೇ. ‘ಎರಡು ಸ್ಟೇಷನ್ ಅಷ್ಟೇ, ಯಾರು ಕೇಳ್ತಾರ’ ಅಂತ ಹಾಗೇ ಹತ್ತುವವರನ್ನು ನಾನು ನೌಕರಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಗಾಡಿ ತುಂಬಿರುತ್ತದೆ, ಕಾಗದದಲ್ಲಿ ಆ ಸ್ಟೇಷನ್ನಿಗೆ ಜನವೇ ಇರುವುದಿಲ್ಲ. ಊರಿನವರು ಸೇರಿ ಮನವಿ ಕೊಡುವ ಮೊದಲು ಒಂದಷ್ಟು ತಿಂಗಳು ಎಲ್ಲರೂ ತಪ್ಪದೆ ಟಿಕೆಟ್ ತೆಗೆಯಿರಿ. ಮೊಬೈಲಿನಲ್ಲಿ ತೆಗೆಯುವವರು ಹತ್ತುವ ಸ್ಟೇಷನ್ ಕಮಲಾಪುರ ಅಂತಲೇ ಹಾಕಿ, ಅಭ್ಯಾಸದ ಮೇಲೆ ಕಲಬುರಗಿ ಒತ್ತಬೇಡಿ.